ಅಸರ್ ಆದ ಮೇಲಿನ ಕ್ಲಾಸ್

ಉಪ್ಪಿನಂಗಡಿ
10 ನವೆಂಬರ್ 2025

ಪ್ರೀತಿಯ ಝುಲೈಖಾ,

ಅಸ್ಸಲಾಮು ಅಲೈಕುಂ. ನೀನು ಅಜ್ಜಾವರಕ್ಕೆ, ನಿನ್ನ ಅಣ್ಣ ಶಾಫಿಯ ಮನೆಗೆ ಹೋಗಿ ಏಳು ತಿಂಗಳಾಯಿತು. ನನ್ನ ಮೊದಲ ಕಾಗದ ಈಗ ಹೊರಟಿದೆ. ಬಾಯಿಯಿಂದ ಬದುಕಿದವನು ಪೆನ್ನು ಹಿಡಿದರೆ ಸೋತಂತೆ ಎಂದುಕೊಂಡಿದ್ದೆ, ಕ್ಷಮಿಸು. ಹನ್ನೊಂದು ಸಲ ಫೋನ್ ಮಾಡಿದೆ. ಹನ್ನೊಂದು ಸಲವೂ ಶಾಫಿಯೇ ಎತ್ತಿ, "ಅವಳು ನಮಾಝಲ್ಲಿದ್ದಾಳೆ, ಭಾವ" ಎಂದ.

ಹಳೆ ಬಾಗಿಲಿನ ವ್ಯಾಪಾರಕ್ಕೇನೂ ಕಡಿಮೆಯಿಲ್ಲ. ಪೆರಾಬೆಯಲ್ಲಿ ಒಂದು ಹಳೆ ಮನೆ ಕೆಡವಿದರು, ಎಂಟು ಬಾಗಿಲು ತಂದೆ. ನೀನಿದ್ದರೆ ಒಂದಕ್ಕೆ ಕೈಯಿಟ್ಟು "ಇದು ಹಲಸು" ಅನ್ನುತ್ತಿದ್ದೆ. ಈಗ ನಾನೇ ಹೇಳಿ ನಾನೇ ಒಪ್ಪಿಕೊಳ್ಳುತ್ತೇನೆ.

ಒಂದು ವಿಷಯ ಕೇಳಿದರೆ ನೀನು ನಂಬುವುದಿಲ್ಲ. ನೀನು ಒಂದು ತಿಂಗಳು ಹೋದ ಆ ಇಂಗ್ಲಿಷ್ ಕ್ಲಾಸಿಗೆ ಈಗ ನಾನು ಹೋಗುತ್ತಿದ್ದೇನೆ. ಬ್ಯಾರಿ, ತುಳು, ಕನ್ನಡ, ಮಲಯಾಳ, ಹಿಂದಿ, ಐದರಲ್ಲೂ ಬಾಗಿಲು ಮಾರಿದವನು ಲೈಬ್ರರಿಯ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಅದೇ ಯಶಸ್ವಿ ಟೀಚರ್. ಈಗ ಪ್ರೆಸೆಂಟ್ ಕಂಟಿನ್ಯುವಸ್ ನಡೆಯುತ್ತಿದೆ. ಈ ಗಳಿಗೆಯಲ್ಲಿ ನಡೆಯುತ್ತಿರುವುದನ್ನು ಮಾತ್ರ ಹೇಳಬೇಕು. ನಿನ್ನೆಯದ್ದು ನಡೆಯುವುದಿಲ್ಲ, ನಾಳೆಯದ್ದೂ ಇಲ್ಲ.

ಮನೆಯಲ್ಲಿ ಈಗ ಏನೇನು ನಡೆಯುತ್ತಿದೆ, ಹತ್ತು ವಾಕ್ಯ ಬರೆದು ತನ್ನಿ ಎಂದರು. ಫ್ಯಾನ್ ತಿರುಗುತ್ತಿದೆ. ನಲ್ಲಿ ಸೋರುತ್ತಿದೆ. ನಾನು ಕೂತಿದ್ದೇನೆ. ಮನೆಯೆಲ್ಲ ಒಂದು ಸುತ್ತು ಹಾಕಿ ಬಂದೆ, ನಾಲ್ಕನೆಯದು ಸಿಗಲಿಲ್ಲ.

ಮೊನ್ನೆ ಟೀಚರ್ ಹೊಸ ಕಟ್ಟಳೆ ತಂದರು. "ಎಲ್ಲರೂ ಈಗಲೇ ಮನೆಗೆ ಫೋನ್ ಮಾಡಿ, ಯಾರು ಎಂತ ಮಾಡ್ತಾ ಇದ್ದಾರೆ ಕೇಳಿ, ಇಂಗ್ಲಿಷಲ್ಲಿ ಹೇಳಬೇಕು. ಸುಳ್ಳು ಹೇಳುದು ಬೇಡ." ಗಲ್ಫಿಗೆ ಹೊರಟಿರುವ ಹುಡುಗ ಮಿದ್ಲಾಜ್‌ನ ಉಮ್ಮ ಮೀನು ಹುರಿಯುತ್ತಿದ್ದಳು. ನನ್ನ ಸರದಿ ಬಂತು. ಅಜ್ಜಾವರಕ್ಕೆ ಮಾಡಿದೆ. ಶಾಫಿ ಎತ್ತಿದ, ಅದೇ ಉತ್ತರ. ನಾನು ಎದ್ದು ನಿಂತು, "ಮೈ ವೈಫ್ ಈಸ್ ಪ್ರೇಯಿಂಗ್" ಎಂದೆ.

"ವೆರಿ ಗುಡ್ ಅಂಕಲ್!" ಎಂದರು ಟೀಚರ್.

ಮಿದ್ಲಾಜ್ ಗಡಿಯಾರ ನೋಡಿದ. "ಎಂತ ಕಾಕ, ಅಸರ್ ನಮಾಝ್ ಆಗಿ ಒಂದೂವರೆ ಗಂಟೆ ಆಯ್ತು, ಹೊತ್ತು ಮುಳುಗಿಲ್ಲ, ಮಗ್‌ರಿಬ್‌ಗೆ ಇನ್ನೂ ಉಂಟು. ಈ ಹೊತ್ತಲ್ಲಿ ಯಾವ ನಮಾಝ್ ಮಾರಾಯ್ರೆ?"

ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಹಾಗೆ ನಗುವುದು ಎಷ್ಟು ಕಷ್ಟದ ಕೆಲಸ ಎಂದು ಅರುವತ್ತನೇ ವಯಸ್ಸಿನಲ್ಲಿ ಗೊತ್ತಾಯಿತು.

ನೀನು ಬರಬೇಕು ಎಂದು ಹೇಳುವ ಬಾಯಿ ನನಗಿಲ್ಲ. ಒಮ್ಮೆ ಫೋನ್ ಎತ್ತು, ಅಷ್ಟೇ. ಬೈದರೂ ಸರಿ.

ಅಲ್ಲಾಹು ನಿನ್ನ ಮೊಣಕಾಲಿನ ನೋವು ಇಳಿಸಲಿ, ನಿನ್ನನ್ನು ಸುಖವಾಗಿಡಲಿ. ನಿಜವಾಗಿ ನಮಾಝ್ ಮಾಡುವಾಗ ನನಗೂ ಒಂದು ದುಆ ಮಾಡು.

ನಿನ್ನ,
ಅಲಿ ಕುಂಞಿ

ಮರೆತದ್ದಲ್ಲ, ಮುಂದೂಡಿದ್ದು: ಕೇಳಿದವರಿಗೆಲ್ಲ ನೀನು ಅಣ್ಣನ ಮಗಳ ಬಾಣಂತನಕ್ಕೆ ಹೋದದ್ದು ಎಂದಿದ್ದೇನೆ. ನಿಜವಾದ ಕಾರಣ ನಮ್ಮಿಬ್ಬರಿಗೂ ಗೊತ್ತುಂಟು. ಎಪ್ರಿಲಿನಲ್ಲಿ ಬಾಗಿಲು ನೋಡಲು ಬಂದ ಮಂಗಳೂರಿನ ಮೇಡಂಗೆ ನೀನು, "ಪ್ಲೀಸ್ ಸಿಟ್, ಐ ಆಮ್ ಮೇಕಿಂಗ್ ಟೀ" ಎಂದೆ. ನಿನ್ನ ಜೀವನದ ಮೊದಲ ಇಂಗ್ಲಿಷ್ ಮಾತು. ಅವರು ಹೋದ ಮೇಲೆ ನಾನು ತಲೆಗೆ ಟವೆಲ್ ಹೊದ್ದು, ನಿನ್ನ ಸ್ವರ ತೆಗೆದು, ಅದನ್ನೇ ಹೇಳಿ ಅಂಗಡಿಯಲ್ಲಿದ್ದವರನ್ನು ನಗಿಸಿದೆ. ನೀನು ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ನೀನೂ ನಕ್ಕೆ. ಮರುದಿನ ಬ್ಯಾಗ್ ಕಟ್ಟಿದೆ. ಝುಲೈಖಾ, ನೀನು ಹೇಳಿದ್ದು ಏನೆಂದು ಅಂದು ನನಗೆ ಅರ್ಥವಾಗಿರಲಿಲ್ಲ. ಅದಕ್ಕೇ ಅಣಕಿಸಿದ್ದು. ಅಲ್ಲಿ ನಾಲ್ವರಿದ್ದರು. ಮೂವರ ಮನೆಗೆ ಹೋಗಿ ಇದನ್ನು ಹೇಳಿ ಬಂದಿದ್ದೇನೆ. ನಾಲ್ಕನೆಯವನು ಅಂದು ನಮ್ಮಲ್ಲಿಗೆ ಬಂದಿದ್ದ ಶಾಫಿ. ಅವನೊಬ್ಬ ನಕ್ಕಿರಲಿಲ್ಲ.