ಬೋರ್ಡಿನಿಂದ ನಾನು ತೆಗೆಯದ ಕ್ಲಿಪ್

ಫೆಬ್ರವರಿ 9, ಭಾನುವಾರ

ಬೀರೇಶ ಮಾದರಿ ವಿಮಾನ ಹಾರಿಸುವ ತನ್ನ ಹಳೆಯ ಟ್ರಾನ್ಸ್‌ಮಿಟರನ್ನು ಇವತ್ತು ನನ್ನ ಸಂಗ್ರಹಕ್ಕೆ ಕೊಟ್ಟುಬಿಟ್ಟ.

"ಅವತ್ತು ವಿಮಾನ ಬೀಳಿಸ್ಬುಟ್ಟೆನಲ್ಲ, ಆಮೇಲೆ ಇಪ್ಪತ್ತು ವರ್ಷ ಇದನ್ನ ಮುಟ್ಟೇ ಇಲ್ಲ. ನನ್ ಕೈ ಸರಿಯಿಲ್ಲ ಕಣೋ," ಎಂದ.

ಅವನ ಕೈ ಸರಿಯಾಗಿಯೇ ಇತ್ತು.

ಒಂದೇ ಫ್ರೀಕ್ವೆನ್ಸಿಯ ಎರಡು ಸೆಟ್ ಒಟ್ಟಿಗೆ ಆನ್ ಆದರೆ ಹಾರುವ ವಿಮಾನ ಹತೋಟಿ ತಪ್ಪುತ್ತಿದ್ದ ಕಾಲ ಅದು. ಬನ್ನಿಮಂಟಪದ ಮೈದಾನದಲ್ಲಿ, ಬೋರ್ಡಿನಿಂದ ತನ್ನ ಫ್ರೀಕ್ವೆನ್ಸಿ ನಂಬರಿನ ಕ್ಲಿಪ್ ತೆಗೆದುಕೊಂಡವನು ಮಾತ್ರ ಆನ್ ಮಾಡಬೇಕು. ಅವತ್ತು ಕ್ಲಿಪ್ ಬೀರೇಶನ ಹತ್ತಿರವಿತ್ತು. ನನ್ನ ಹೊಸ ಸೆಟ್ಟಿನ ಮೀಟರಿನ ಮುಳ್ಳು ಏಳುತ್ತದಾ ನೋಡುವ ಆಸೆಗೆ ನಾನು ಮರದ ಹಿಂದೆ ನಿಂತು ಒಂದು ಗಳಿಗೆ ಸ್ವಿಚ್ ಒತ್ತಿದೆ. ಆಮೇಲೆ ಎಲ್ಲರಿಗಿಂತ ಮೊದಲು ಓಡಿಹೋಗಿ ಮುರಿದ ರೆಕ್ಕೆ ಆರಿಸಿಕೊಟ್ಟವನೂ ನಾನೇ.

ಹೊರಡುವಾಗ ಅವನೇ ತನ್ನ ಟ್ರಾನ್ಸ್‌ಮಿಟರನ್ನು ನನ್ನ ಅವತ್ತಿನ ಸೆಟ್ಟಿನ ಪಕ್ಕದಲ್ಲಿಟ್ಟ. "ಎರಡೂ ಒಂದೇ ನಂಬರ್ ಅಲ್ವೇನೋ? ಜೋಡಿ ಆಯ್ತು ಬುಡು," ಎಂದು ನಕ್ಕ.

ನಾನೂ ನಕ್ಕೆ. ಥೂ.