ಬಿಚ್ಚಿಟ್ಟ ಕರೆಗಂಟೆ

ಕಸಾಮಾ ಗ್ರಂಥಾಲಯ
ಸೋಮವಾರ

ಚಿಲುಫ್ಯಾಳ ಅಮ್ಮನವರಿಗೆ,

ಮಗಳ ದನಿ ಇದ್ದ ಡಬ್ಬಿ ಬೇಕೆಂದು ಹೇಳಿಕಳಿಸಿದ್ದೀರಿ. ಮಕ್ಕಳಿಗೆ ಬ್ಯಾಟರಿ, ತಂತಿ ಜೋಡಿಸಿ ಯಂತ್ರ ಕಟ್ಟಲು ಕಲಿಸುವ ನಮ್ಮ ಶನಿವಾರದ ತರಗತಿಯಲ್ಲಿ ದನಿ ಹಿಡಿಯುವ ಚಿಪ್ ಇರುವುದು ಒಂದೇ. ಒಬ್ಬರು ಕಟ್ಟಿದ್ದನ್ನು ಸಂಜೆಗೆ ಬಿಚ್ಚಿಟ್ಟರೆ ಮುಂದಿನ ವಾರ ಇನ್ನೊಬ್ಬರ ಸರದಿ. ಚಿಲುಫ್ಯಾ ಜ್ವರದಿಂದ ತೀರಿಕೊಂಡ ಸುದ್ದಿ ನನಗೆ ಮುಟ್ಟುವ ಮೊದಲೇ ಇನ್ನೊಬ್ಬ ಹುಡುಗಿ ಆ ಚಿಪ್‌ನಲ್ಲಿ ಕೋಳಿಯ ಕೂಗು ತುಂಬಿಸಿದ್ದಳು. ಹಳೆಯ ದನಿ ಅಳಿಸಿಹೋಗಿದೆ.

"ಟೀಚರ್, ಇದೊಂದ್ ಬಿಚ್ಚೋದ್ ಬೇಡ, ಅಮ್ಮಂಗೆ ಕೇಳ್ಸಿ ತರ್ತೀನಿ" ಎಂದು ಚಿಲುಫ್ಯಾ ಆ ಶನಿವಾರ ಸಂಜೆ ಅಂಗಲಾಚಿದ್ದಳು.

"ನಿನಗೊಂದ್ ರೂಲ್ಸು, ಬೇರೆಯವ್ರಿಗೊಂದಾ?" ಎಂದೆ ನಾನು. ಅವಳೇ ಕೂತು ಬಿಚ್ಚಿದಳು.

ಹಾಲಿನಪುಡಿಯ ಆ ಖಾಲಿ ಡಬ್ಬಿಯನ್ನು ಕಳಿಸಿದ್ದೇನೆ. ಒಳಗೆ ಅವಳ ಬೆರಳಿನ ಗುರುತಿದೆ, ದಯವಿಟ್ಟು ತೊಳೆಯಬೇಡಿ.

ಅದನ್ನು ನಿಮ್ಮ ಬಾಗಿಲಿಗೆ ಕರೆಗಂಟೆಯೆಂದು ಮಾಡಿದ್ದಳು. ಒತ್ತಿದರೆ ಹೀಗೆ ಹೇಳುತ್ತಿತ್ತು: "ಅಮ್ಮಾ, ಬಾಗ್ಲು ತೆಗಿ, ನಾನ್ ಬಂದೆ."

ಇತಿ,
ಕಾಂಗ್ವಾ