ಬಕೆಟ್ ನೀರಿನ ಬೆವರಿಗೆ ಸಿಕ್ಕ ಶಹಬ್ಬಾಸ್‌ಗಿರಿ

ಮಾನ್ಯ ಕ್ರೀಡಾ ನಿರ್ದೇಶಕರೇ,

ತಮ್ಮ ಇಲಾಖೆ ಎರಡು ತಿಂಗಳಲ್ಲಿ ನನ್ನ ಬಗ್ಗೆ ಎರಡು ವರದಿ ಬರೆದಿದೆ. ಮೊದಲನೆಯದರಲ್ಲಿ ನನ್ನನ್ನು ಸೋಮಾರಿ ಎಂದು ಬೈಯಲಾಗಿದೆ. ಅದರಲ್ಲಿರುವ ದೃಶ್ಯವೆಲ್ಲ ಸತ್ಯ. ಎರಡನೆಯದರಲ್ಲಿ ನನ್ನನ್ನು ಮಾದರಿ ತರಬೇತುದಾರಳೆಂದು ಹೊಗಳಲಾಗಿದೆ. ಅದರಲ್ಲಿ ತಾರೀಕೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸುಳ್ಳು. ಆ ಹೊಗಳಿಕೆಯನ್ನು ರದ್ದು ಮಾಡಿ ಎಂದು ಎರಡು ಸಲ ಅರ್ಜಿ ಕೊಟ್ಟೆ. ಬೈಗುಳದ ವಿರುದ್ಧ ಮೇಲ್ಮನವಿಗೆ ನಮೂನೆ ಇದೆ, ಹೊಗಳಿಕೆಯ ವಿರುದ್ಧ ಇಲ್ಲ ಎಂದು ತಮ್ಮ ಗುಮಾಸ್ತರು ಎರಡು ಸಲವೂ ವಾಪಸ್ ಕಳಿಸಿದರು. ಅವರದೇನೂ ತಪ್ಪಿಲ್ಲ, ಇಂಥ ಅರ್ಜಿ ಹಿಂದೆ ಯಾರೂ ಕೊಟ್ಟಿರಲಿಲ್ಲವಂತೆ. ನಮೂನೆ ಇಲ್ಲದ ಮಾತನ್ನು ನಾಲ್ಕು ಜನರ ಎದುರಿಗೇ ಹೇಳಬೇಕಾಗುತ್ತದೆ. ಅದಕ್ಕೇ ಈ ಬಹಿರಂಗ ಪತ್ರ.

ನಾನು ಕ್ರೀಡಾ ವಿಜ್ಞಾನ ಓದಿ, ಹದಿನೇಳು ವರ್ಷದೊಳಗಿನ ಹುಡುಗಿಯರ ಫುಟ್ಬಾಲ್ ತಂಡಕ್ಕೆ ಒಂದು ವರ್ಷದ ಪರೀಕ್ಷಾರ್ಥ ಅವಧಿಯ ಮೇಲೆ ಬಂದ ಸಹಾಯಕ ತರಬೇತುದಾರಳು. ಸಂದರ್ಶನದಲ್ಲಿ ಸ್ನಾಯುಗಳ ಬಗ್ಗೆ, ಉಸಿರಾಟದ ಬಗ್ಗೆ ಏನಾದರೂ ಕೇಳುತ್ತಾರೆಂದು ರಾತ್ರಿಯೆಲ್ಲ ಉರು ಹೊಡೆದು ಹೋಗಿದ್ದೆ. ಮೈದಾನಕ್ಕೆ ಸುಣ್ಣದ ಗೆರೆ ನೆಟ್ಟಗೆ ಎಳೆಯಲು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದೆ, ಕೆಲಸ ಸಿಕ್ಕಿತು. ಚೆಂಡು ಒದೆಯುವುದಕ್ಕೂ ಡಿಗ್ರಿ ಬೇಕಾ ಎಂದು ನಮ್ಮ ಸೋದರಮಾವ ಇವತ್ತಿಗೂ ಕೇಳುತ್ತಾರೆ. ಬಟ್ಟೆ ಹೊಲಿಯುವ ನಮ್ಮಮ್ಮ ನನ್ನ ಪರವಾಗಿ ಉತ್ತರ ಕೊಡುತ್ತಾಳೆ: “ಒದೆಯೋಕೆ ಬೇಡ ಕಣೋ, ಯಾವಾಗ ಒದೀಬಾರದು ಅಂತ ತಿಳಿಯೋಕೆ ಬೇಕು.” ಮೂರು ವರ್ಷದ ನನ್ನ ಓದನ್ನು ಅವಳು ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಹೇಳಿ ಮುಗಿಸಿದ್ದಳು.

ನನಗಿಂತ ಮೊದಲು ತಂಡವನ್ನು ನೋಡಿಕೊಳ್ಳುತ್ತಿದ್ದವರು, ಈಗಲೂ ನನ್ನ ಮೇಲಿನವರು, ಹಿರಿಯ ತರಬೇತುದಾರರು. ಮಕ್ಕಳೆಲ್ಲ ಅವರನ್ನು ಸೀಟಿ ಮೇಷ್ಟ್ರು ಎನ್ನುತ್ತಾರೆ. ಒಳ್ಳೆಯ ಮನುಷ್ಯ. ಗೆದ್ದರೆ ಹತ್ತು ಸುತ್ತು, ಸೋತರೆ ಇಪ್ಪತ್ತು ಸುತ್ತು, ಸಮವಾದರೆ ಯೋಚಿಸಿ ಹದಿನೈದು ಸುತ್ತು ಓಡಿಸುವುದು ಅವರ ಪದ್ಧತಿ. ನಾವೆಲ್ಲ ವಾಂತಿ ಮಾಡಿಕೊಂಡು ಆಟ ಕಲಿತವರಮ್ಮ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಹೇಳುವಾಗ ಕುರ್ಚಿಯಲ್ಲಿ ಕೂತಿರುತ್ತಾರೆ, ಏಕೆಂದರೆ ಆ ರೀತಿ ಕಲಿತ ಅವರ ಎರಡು ಮೊಣಕಾಲೂ ಈಗ ಮಡಚುವುದಿಲ್ಲ.

ನನ್ನ ಪದ್ಧತಿ ಬೇರೆ. ನಮ್ಮ ಉಪಕರಣಗಳ ಕೋಣೆಯ ಹಿಂಗೋಡೆಯ ಮೇಲೆ ಪ್ರತಿ ಹುಡುಗಿಗೂ ಒಂದೊಂದು ಗೆರೆ ಇದೆ. ದಿನಾ ಅಭ್ಯಾಸಕ್ಕೆ ಮೊದಲು ಬೆರಳಿಗೆ ಸೀಮೆಸುಣ್ಣ ಸವರಿಕೊಂಡು, ನಿಂತಲ್ಲಿಂದಲೇ ಹಾರಿ ಗೋಡೆ ಮುಟ್ಟಬೇಕು. ಗುರುತು ಎಂದಿನ ಗೆರೆಗೆ ತಾಕಿದರೆ ಕಾಲಲ್ಲಿ ಕಸುವಿದೆ. ಎರಡು ಬೆರಳು ಕೆಳಗಿದ್ದರೆ ಹುಡುಗಿ ದಣಿದಿದ್ದಾಳೆ, ಬಾಯಲ್ಲಿ ಏನೇ ಹೇಳಲಿ. ಬಾಯಿ ಸುಳ್ಳು ಹೇಳೀತು, ಸೀಮೆಸುಣ್ಣ ಹೇಳುವುದಿಲ್ಲ. ದೊಡ್ಡ ಊರುಗಳಲ್ಲಿ ಇದಕ್ಕೆ ಯಂತ್ರಗಳಿವೆ. ನಮಗೆ ಇಲಾಖೆ ಗೋಡೆ ಕೊಟ್ಟಿದೆ, ಅದಕ್ಕೆ ನಾನು ಕೃತಜ್ಞಳು.

ಕ್ವಾರ್ಟರ್ ಫೈನಲ್‌ಗೆ ಹಿಂದಿನ ದಿನ ಹದಿನಾರು ಹುಡುಗಿಯರಲ್ಲಿ ಹನ್ನೊಂದು ಜನರ ಗುರುತು ಕೆಳಗಿತ್ತು. ಓಟ ಬೇಡವೆಂದೆ. ಎಲ್ಲರನ್ನೂ ಬೇವಿನ ಮರದ ನೆರಳಲ್ಲಿ ಅಂಗಾತ ಮಲಗಿಸಿ, ಕಾಲುಗಳನ್ನು ಗೋಡೆಗೆ ಎತ್ತಿ ಇಡಿಸಿದೆ. ಕಾಲು ಮೇಲಿಟ್ಟರೆ ಪವಾಡವೇನೂ ನಡೆಯುವುದಿಲ್ಲ, ನಿಜ ಹೇಳುತ್ತೇನೆ. ಆದರೆ ಕಾಲು ಮೇಲಿಟ್ಟ ಹುಡುಗಿ ಎದ್ದು ಓಡಾಡುವುದಿಲ್ಲ. ಆ ದಿನಕ್ಕೆ ಬೇಕಾದ ವಿಜ್ಞಾನ ಅಷ್ಟೇ. ಸರಿಯಾಗಿ ಅದೇ ಹೊತ್ತಿಗೆ ತಮ್ಮ ಪರಿವೀಕ್ಷಕರ ಜೀಪು ಬಂತು.

ಅವರು ಬರೆದದ್ದನ್ನು ಇದ್ದ ಹಾಗೇ ಕೊಡುತ್ತೇನೆ: “ಭೇಟಿಯ ವೇಳೆ ಎಲ್ಲಾ ಕ್ರೀಡಾಪಟುಗಳು ಮಲಗಿದ್ದರು. ತರಬೇತುದಾರರು ಅವರನ್ನು ಎಬ್ಬಿಸುವ ಯಾವುದೇ ಪ್ರಯತ್ನ ಮಾಡಲಿಲ್ಲ. ಬೆವರು ಕಂಡುಬರಲಿಲ್ಲ.” ಒಂದಕ್ಷರವೂ ಸುಳ್ಳಲ್ಲ. ಮರುದಿನ ಪಂದ್ಯವಿತ್ತು ಎಂಬ ಒಂದು ಸಾಲು ಮಾತ್ರ ಬಿಟ್ಟುಹೋಗಿತ್ತು. ಮರುದಿನ ಎರಡು ಗೋಲಿನಿಂದ ಗೆದ್ದೆವು. ಅದಕ್ಕೆ ವರದಿಯಲ್ಲಿ ಕಲಂ ಇರಲಿಲ್ಲ.

ನಮ್ಮಜ್ಜಿ ಒಂದು ಕಥೆ ಹೇಳುತ್ತಿದ್ದಳು. ಒಬ್ಬ ರಾಜನಿಗೆ ತನ್ನ ರಾಜ್ಯದಲ್ಲಿ ಯಾರೂ ಸುಮ್ಮನೆ ಕೂರಬಾರದೆಂದು ಹಟ. ಅವನ ಅಧಿಕಾರಿ ಕುಂಬಾರನ ಮನೆಗೆ ಬಂದ. ಹಸಿ ಮಡಕೆಗಳು ಒಣಗಲೆಂದು ನೆರಳಲ್ಲಿ ಸಾಲಾಗಿ ಕೂತಿವೆ, ಕುಂಬಾರ ಪಕ್ಕದಲ್ಲಿ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಾನೆ. ಏನೋ ಮಾಡ್ತಿದ್ದೀಯ ಎಂದರೆ, ಮಡಕೆ ಮಾಡ್ತಿದ್ದೀನಿ ಬುದ್ಧಿ ಎಂದ. ಅಧಿಕಾರಿಗೆ ಸಿಟ್ಟು ನೆತ್ತಿಗೇರಿತು. ಈಗಲೇ ಬೆಂಕಿಗೆ ಹಾಕು ಎಂದ. ಕುಂಬಾರ ಹಾಕಿದ. ಅಷ್ಟೂ ಮಡಕೆ ಪಟಪಟ ಒಡೆದವು. ಸದ್ದು ಕೇಳಿದ ಅಧಿಕಾರಿ, ಈಗ ನೋಡು ಕೆಲಸ ನಡೀತಿದೆ ಅಂತ ಗೊತ್ತಾಗ್ತಿದೆ ಎಂದನಂತೆ. ತಮ್ಮ ಇಲಾಖೆಯ ಬಗ್ಗೆ ಹೇಳಿದ್ದಲ್ಲ. ನಮ್ಮಜ್ಜಿಯ ಕಾಲದಲ್ಲಿ ತಮ್ಮ ಇಲಾಖೆಯೇ ಇರಲಿಲ್ಲ.

ವರದಿಯ ಹಿಂದೆಯೇ ಮೆಮೊ ಬಂತು. ಎರಡನೇ ಪರಿವೀಕ್ಷಣೆಯಲ್ಲೂ ಸುಧಾರಣೆ ಕಾಣದಿದ್ದರೆ ನನ್ನನ್ನು ಕೆಲಸದಿಂದ ಬಿಡುಗಡೆ ಮಾಡುವುದಾಗಿ ಅದರಲ್ಲಿತ್ತು. ಪರಿವೀಕ್ಷಣೆಯ ದಿನ ಯಾವುದೆಂದರೆ, ಸೆಮಿಫೈನಲ್‌ನ ಮರುದಿನ. ಹಿಂದಿನ ದಿನ ಹೆಚ್ಚುವರಿ ಸಮಯದವರೆಗೆ ಆಡಿ ಗೆದ್ದ ಹುಡುಗಿಯರು. ಗೋಡೆಯ ಗುರುತುಗಳು ಮೂರು ಬೆರಳು ಇಳಿದಿದ್ದವು. ಓಡಿಸಿದರೆ ಹುಡುಗಿಯರ ಕಾಲು ಹೋಗುತ್ತದೆ, ಓಡಿಸದಿದ್ದರೆ ನನ್ನ ಕೆಲಸ ಹೋಗುತ್ತದೆ. ನಾನು ಗೋಡೆ ನೋಡುತ್ತ ನಿಂತಿದ್ದಾಗ ತಂಡದ ನಾಯಕಿ ಪಕ್ಕಕ್ಕೆ ಬಂದಳು.

“ಅಕ್ಕಾ, ಅವರಿಗೆ ಬೇಕಾಗಿರೋದು ಓಟಾನಾ, ಬೆವರಾ?”

“ವರದೀಲಿ ಬೆವರು ಅಂತಲೇ ಇತ್ತು.”

“ನಲ್ಲೀಲಿ ನೀರು ಬರ್ತಿದೆ ಅಕ್ಕಾ.”

ಬೇಡ ಎನ್ನಬೇಕಿತ್ತು, ಎನ್ನಲಿಲ್ಲ. ತಪ್ಪು ನನ್ನದೇ. ಎರಡು ಬಕೆಟ್ ತುಂಬಿತು. ಜೀಪು ಗೇಟಿನಲ್ಲಿ ತಿರುಗುತ್ತಿದ್ದಂತೆ ಹದಿನಾರು ಜನವೂ ತಲೆಯಿಂದ ನೀರಿಳಿಸಿಕೊಂಡು ಮೆಲ್ಲಗೆ ಜಾಗಿಂಗ್ ಶುರುಮಾಡಿದರು. ನಮ್ಮ ಎಡಬದಿಯ ಆಟಗಾರ್ತಿ, ಮಿಡತೆ ಎಂದು ಕರೆಯುವ ಪುಟ್ಟ ಹುಡುಗಿ, ಪರಿವೀಕ್ಷಕರ ಮುಂದೆ ಬಂದಾಗಲೆಲ್ಲ ಏದುಸಿರು ಬಿಟ್ಟು ಎದೆ ಹಿಡಿದುಕೊಳ್ಳುತ್ತಿದ್ದಳು; ಹಿಂದಕ್ಕೆ ಹೋದಾಗ ನಗುತ್ತಿದ್ದಳು. ಗೋಲ್‌ಕೀಪರ್ ಉತ್ಸಾಹದಲ್ಲಿ ಅರ್ಧ ಬಕೆಟ್ಟನ್ನು ಒಬ್ಬಳೇ ಸುರಿದುಕೊಂಡಿದ್ದರಿಂದ ಹೆಜ್ಜೆ ಇಟ್ಟಾಗಲೆಲ್ಲ ಬೂಟು ಪಚಪಚ ಎನ್ನುತ್ತಿತ್ತು. ಪರಿವೀಕ್ಷಕರಿಗೂ ಸ್ವಲ್ಪ ಅನುಮಾನ ಬಂತು. ಏನಮ್ಮ, ಇವಳೊಬ್ಬಳಿಗೇ ಇಷ್ಟು ಬೆವರು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನಾಯಕಿ ಹೇಳಿದಳು: “ಗೋಲಲ್ಲಿ ನಿಲ್ಲೋಳು ಸರ್. ಹೆದರಿಕೆ ಬೆವರೂ ಸೇರಿರುತ್ತೆ.”

ಎಂಟು ನಿಮಿಷ ಅಷ್ಟೇ. ಸೀಟಿ ಮೇಷ್ಟ್ರು ಚಹಾ ಕೊಡಿಸಿ ಕಳಿಸಿದರು. “ಬೆವರು ಗಣನೀಯ ಪ್ರಮಾಣದಲ್ಲಿತ್ತು, ಮಾದರಿ ತರಬೇತಿ” ಎಂಬ ವರದಿ ಬಂತು. ನಾವು ನಕ್ಕೆವು. ನಗು ಒಂದು ವಾರ ಉಳಿಯಿತು.

ಆಮೇಲೆ ತಮ್ಮ ಸುತ್ತೋಲೆ ಬಂತು. ನನ್ನ ‘ಮಾದರಿ’ಯನ್ನು ಇಲಾಖೆಯ ಎಲ್ಲಾ ಕೇಂದ್ರಗಳೂ ಪಂದ್ಯದ ಹಿಂದಿನ ಹಾಗೂ ಮುಂದಿನ ದಿನ ತಪ್ಪದೆ ಅನುಸರಿಸಬೇಕಂತೆ. ನನ್ನ ಜೊತೆ ಓದಿದ ಗೆಳತಿಯೊಬ್ಬಳು ಬೇರೆ ಕೇಂದ್ರದಲ್ಲಿದ್ದಾಳೆ. ಅವಳು ಫೋನ್ ಮಾಡಿ ಹೆಚ್ಚೇನೂ ಹೇಳಲಿಲ್ಲ. “ನಿನ್ನ ಪುಣ್ಯದಿಂದ ನನ್ನ ಇಬ್ಬರು ಹುಡುಗೀರು ಕುಂಟ್ತಿದ್ದಾರೆ ಕಣೆ” ಎಂದಳು. ಅವಳಿಗೆ ಬಕೆಟ್ಟಿನ ವಿಷಯ ಗೊತ್ತಿರಲಿಲ್ಲ. ಅವಳು ಸುತ್ತೋಲೆಯನ್ನು ನಂಬಿ ನಿಜವಾಗಿಯೂ ಓಡಿಸಿದ್ದಳು.

ಸುತ್ತೋಲೆಯ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಈ ಶನಿವಾರ ಫೈನಲ್. ಹಿಂದಿನ ದಿನ, ಶುಕ್ರವಾರ ನಾಲ್ಕು ಗಂಟೆಗೆ, ತಾವೇ ಅತಿಥಿಗಳೊಂದಿಗೆ ಬಂದು ಆ ಮಾದರಿ ತರಬೇತಿಯನ್ನು ಒಂದು ಗಂಟೆ ವೀಕ್ಷಿಸಿ, ಮೆಚ್ಚಿಕೆಯಾದರೆ ನನ್ನನ್ನು ಖಾಯಂ ಮಾಡುವ ಪತ್ರಕ್ಕೆ ಅಲ್ಲೇ ಸಹಿ ಹಾಕುವಿರಂತೆ. ಇಪ್ಪತ್ತು ಸುತ್ತು ಎಂದು ಕಾರ್ಯಕ್ರಮ ಪಟ್ಟಿಯಲ್ಲೇ ಅಚ್ಚಾಗಿದೆ. ಇಪ್ಪತ್ತು ಸುತ್ತನ್ನು ಯಾವ ಬಕೆಟ್ಟಿನಲ್ಲಿ ತುಂಬಲಿ? ಪಂದ್ಯ ಶನಿವಾರವೋ ಶುಕ್ರವಾರವೋ? ಕಪ್ ಆಡಿದವರಿಗೋ, ಬೆವರಿದವರಿಗೋ?

ಈ ಪತ್ರ ಬರೆಯುತ್ತೇನೆಂದು ಅಮ್ಮನಿಗೆ ಹೇಳಿದೆ. ಅವಳು ಹೊಲಿಗೆ ಯಂತ್ರ ನಿಲ್ಲಿಸಲಿಲ್ಲ.

“ಕೆಲಸ ಖಾಯಂ ಆಗೋ ಮುಂಚೆ ಸತ್ಯ ಹೇಳೋಕೆ ಏನವಸರ ನಿಂಗೆ? ಶನಿವಾರ ಹೇಳು.”

“ಶನಿವಾರ ಹೇಳಿದ್ರೆ ಅಷ್ಟೊತ್ತಿಗೆ ಮಕ್ಕಳು ಓಡಿರ್ತಾರಮ್ಮ.”

ಯಂತ್ರ ನಿಂತಿತು. ಹೊಲಿಯುತ್ತಿದ್ದ ತೋಳಿನ ದಾರವನ್ನು ಹಲ್ಲಿನಿಂದ ಕಡಿದಳು. ಹಾಗಾದ್ರೆ ಅಕ್ಷರ ದುಂಡಗೆ ಬರಿ ಎಂದಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಎರಡನೆಯ ವರದಿಯನ್ನೂ ಅದರ ಬಾಲ ಹಿಡಿದು ಬಂದ ಸುತ್ತೋಲೆಯನ್ನೂ ಇಂದೇ ಹಿಂತೆಗೆದುಕೊಳ್ಳಿ. ಬೇರೆ ಕೇಂದ್ರಗಳ ಹುಡುಗಿಯರಿಗೂ ಕಾಲುಗಳಿವೆ. ಮೊದಲನೆಯ ವರದಿಯನ್ನು ಹಾಗೇ ಇಟ್ಟುಕೊಳ್ಳಿ, ಮರುದಿನ ಪಂದ್ಯವಿತ್ತು ಎಂಬ ಸಾಲೊಂದನ್ನು ಸೇರಿಸಿ. ನಾಯಕಿಗಾಗಲಿ ಮಿಡತೆಗಾಗಲಿ ಮೆಮೊ ಕಳಿಸಬೇಡಿ. ನೀರು ಅವರು ಸುರಿದುಕೊಂಡರು, ಹೂಂ ಅಂದವಳು ನಾನು. ನನ್ನ ಬದಲು ಸೀಟಿ ಮೇಷ್ಟ್ರ ಕೈಯಲ್ಲಿ ಓಡಿಸುವ ಯೋಚನೆಯಿದ್ದರೆ ಅದನ್ನೂ ಬಿಡಿ. ಅವರನ್ನು ಆಗಲೇ ಕೇಳಿದ್ದೇನೆ. ಗೋಡೆಯ ಗುರುತುಗಳನ್ನು ಬಹಳ ಹೊತ್ತು ನೋಡಿ, ಶುಕ್ರವಾರ ನನಗೆ ಮೊಣಕಾಲು ನೋವು ಬರೋ ಹಾಗಿದೆಯಮ್ಮ ಎಂದರು.

ಶುಕ್ರವಾರ ತಾವು ಖಂಡಿತ ಬನ್ನಿ. ಅತಿಥಿಗಳನ್ನೂ ಕರೆತನ್ನಿ, ಕುರ್ಚಿಗಳನ್ನು ನೆರಳಲ್ಲೇ ಹಾಕಿಸಿರುತ್ತೇನೆ. ಖಾಯಂ ಪತ್ರವನ್ನೂ ಬಿಡುಗಡೆ ಪತ್ರವನ್ನೂ ಎರಡನ್ನೂ ತನ್ನಿ. ಯಾವುದಕ್ಕೆ ಸಹಿ ಹಾಕಬೇಕೆಂದು ನೋಡಿದ ಮೇಲೆ ತೀರ್ಮಾನಿಸಿ. ಹದಿನಾರು ಜನವೂ ಮಲಗಿರುತ್ತಾರೆ. ಒಂದೇ ವಿನಂತಿ, ಜೀಪನ್ನು ಗೇಟಿನ ಹೊರಗೇ ನಿಲ್ಲಿಸಿ ಮೆಲ್ಲಗೆ ನಡೆದು ಬನ್ನಿ. ಉಳಿದವರ ಮಾತು ಹೇಗೋ ಏನೋ, ಗೋಲ್‌ಕೀಪರ್ ನಿಜವಾಗಿಯೂ ನಿದ್ದೆ ಹೋಗಿರುತ್ತಾಳೆ.

ಇಂತಿ,
ಶುಕ್ರವಾರ ಸಂಜೆ ಐದರವರೆಗಂತೂ ತಮ್ಮ ಇಲಾಖೆಯವಳೇ ಆದ,
ಸಹಾಯಕ ಫುಟ್ಬಾಲ್ ತರಬೇತುದಾರಳು
(ಸುಣ್ಣದ ಗೆರೆ ಈಗಲೂ ನೆಟ್ಟಗೇ ಎಳೆಯುತ್ತಾಳೆ)